ಕಿತ್ತಳೆ ಬಣ್ಣ ಬಂತೆಂದು ಮತ್ತೆ ಬ್ಲೀಚ್ ಕಲಸಬೇಡಿ

ಮನೆಯಲ್ಲಿ ಕೂದಲಿಗೆ ಬ್ಲೀಚ್ ಮಾಡಿಕೊಳ್ಳಲೇಬೇಡಿ ಅಂತ ನಾನು ಹೇಳುವುದಿಲ್ಲ. ನಿಧಾನವಾಗಿ, ಪ್ಯಾಕೆಟ್ ಓದಿ, ಚೆನ್ನಾಗಿ ಮಾಡಿಕೊಂಡವರನ್ನೂ ನೋಡಿದ್ದೇನೆ. ನನಗೆ ತಾಳ್ಮೆ ತಪ್ಪುವುದು ಒಂದೇ ವಿಷಯಕ್ಕೆ. ಮೊದಲ ಸಲ ತೊಳೆದು ಕನ್ನಡಿ ನೋಡುತ್ತಾರೆ, ಕೂದಲು ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ, ಗಾಬರಿಯಾಗಿ ಅದೇ ದಿನ, ಕೆಲವರಂತೂ ತಲೆ ಒಣಗುವ ಮೊದಲೇ, ಇನ್ನೊಂದು ಬಟ್ಟಲು ಬ್ಲೀಚ್ ಕಲಸಿ ಹಚ್ಚಿಬಿಡುತ್ತಾರೆ. ಅಳುತ್ತಾ ಬಂದು ನನ್ನ ಕುರ್ಚಿಯಲ್ಲಿ ಕೂರುವವರಲ್ಲಿ ಹೆಚ್ಚಿನವರ ಕೂದಲು ಹಾಳಾಗಿರುವುದು ಈ ಎರಡನೇ ಬಟ್ಟಲಿನಿಂದ.

ಕಿತ್ತಳೆ ಬಣ್ಣ ಬಂದರೆ ಏನೋ ತಪ್ಪಾಗಿದೆ ಅಂತಲ್ಲ. ಕಪ್ಪು ಕೂದಲಿನ ಒಳಗೆ ಕಪ್ಪು-ಕಂದು ಬಣ್ಣದ ಮೆಲನಿನ್ ಜೊತೆ ಕೆಂಪು-ಹಳದಿ ಬಣ್ಣದ್ದೂ ಇರುತ್ತದೆ. ಬ್ಲೀಚ್‌ಗೆ ಮೊದಲು ಸಿಗುವುದು ಕಪ್ಪು. ಅದು ಹೋದಂತೆ ಅಡಿಯಲ್ಲಿದ್ದ ಕೆಂಪು ಕಾಣುತ್ತದೆ, ಆಮೇಲೆ ಕಿತ್ತಳೆ, ಆಮೇಲೆ ಹಳದಿ, ಕೊನೆಗೆ ಬಾಳೆಹಣ್ಣಿನ ಸಿಪ್ಪೆಯ ಒಳಗಿನ ತಿಳಿ ಹಳದಿ. ಕಪ್ಪು ಕೂದಲು ಈ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಹೋಗುವುದೇ ಇಲ್ಲ. ನೀವು ದಾರಿಯ ಮಧ್ಯದಲ್ಲಿ ಇದ್ದೀರಿ, ಅಷ್ಟೇ.

ಇಲ್ಲಿಂದ ಮುಂದೆ ಬೇಕಾಗಿರುವುದು ಟೋನರ್. ಬ್ಲೀಚ್ ಬಣ್ಣ ತೆಗೆಯುತ್ತದೆ, ಟೋನರ್ ಬಣ್ಣ ಸೇರಿಸುತ್ತದೆ. ಕಿತ್ತಳೆಯನ್ನು ನೀಲಿ ತಗ್ಗಿಸುತ್ತದೆ, ಹಳದಿಯನ್ನು ನೇರಳೆ ತಗ್ಗಿಸುತ್ತದೆ. ಕಿತ್ತಳೆ ತಲೆಗೆ ನೇರಳೆ ಶಾಂಪೂ ಹಾಕಿ ಹಾಕಿ ಸೋತವರು ಬೇಕಾದಷ್ಟು ಜನ. ಅದು ಹಳದಿಗೆ ಮಾಡಿದ್ದು, ಕಿತ್ತಳೆಗೆ ಸಾಲುವುದಿಲ್ಲ. ಇನ್ನೊಂದು ಮಾತನ್ನೂ ಬಿಚ್ಚಿ ಹೇಳಬೇಕು: ಟೋನರ್ ಕೂದಲನ್ನು ಬಿಳಿ ಮಾಡುವುದಿಲ್ಲ. ಕಿತ್ತಳೆ ಮೇಲೆ ನೀಲಿ ಟೋನರ್ ಹಾಕಿದರೆ ಹದವಾದ ಕಂದು ಬಣ್ಣ ಬರುತ್ತದೆ. ಬೆಳ್ಳಿ ಬಣ್ಣ ಬೇಕಿದ್ದರೆ ಕೂದಲು ತಿಳಿ ಹಳದಿವರೆಗೆ ಹೋಗಲೇಬೇಕು, ಕಪ್ಪು ಕೂದಲು ಒಂದೇ ದಿನದಲ್ಲಿ ಅಲ್ಲಿಗೆ ಹೋಗುವುದು ಕಷ್ಟ. ಕೆಲವರ ಕೂದಲು ಎಷ್ಟು ಸಲ ಮಾಡಿದರೂ ಅಷ್ಟು ದೂರ ತಾಳುವುದಿಲ್ಲ. ಈ ಮಾತು ಯಾರಿಗೂ ಇಷ್ಟ ಆಗುವುದಿಲ್ಲ, ಆದರೂ ನಾನು ಹೇಳುತ್ತೇನೆ.

ಎರಡನೇ ಬಟ್ಟಲು ಯಾಕೆ ಅಷ್ಟು ಅಪಾಯ? ಬ್ಲೀಚ್ ಬಣ್ಣವನ್ನು ಮಾತ್ರ ಒಡೆಯುವುದಿಲ್ಲ. ಕೂದಲು ಅಂದರೆ ಕೆರಾಟಿನ್ ಎಂಬ ಪ್ರೋಟೀನ್, ಅದನ್ನು ಹಿಡಿದಿಡುವ ಗಂಧಕದ ಬಂಧಗಳನ್ನೂ ಬ್ಲೀಚ್ ಮುರಿಯುತ್ತದೆ. ಮೊದಲ ಸಲಕ್ಕೆ ಹೊರಗಿನ ಪದರ ಎದ್ದಿರುತ್ತದೆ, ಕೂದಲಿನ ಎಳೆ ನೀರು ಹೀರಿ ಊದಿರುತ್ತದೆ. ಅದೇ ಹೊತ್ತಿಗೆ ಮತ್ತೆ ಹಚ್ಚಿದರೆ ಬ್ಲೀಚ್ ತಡೆಯಿಲ್ಲದೆ ಒಳಗೆ ಇಳಿಯುತ್ತದೆ.

ಅದಕ್ಕೇ ಮತ್ತೆ ಬ್ಲೀಚ್ ಮಾಡುವ ಮೊದಲು ಕೆಲವು ವಾರ ಕಾಯಿರಿ ಅನ್ನುತ್ತೇನೆ. ಹಾಗಂದಾಗ, ಅಷ್ಟರಲ್ಲಿ ಕೂದಲು ತಾನೇ ರಿಪೇರಿ ಆಗುತ್ತದೆ ಅಂತ ಅಂದುಕೊಳ್ಳಬೇಡಿ. ಬೆಳೆದು ಹೊರಗೆ ಬಂದ ಕೂದಲಿಗೆ ಜೀವ ಇಲ್ಲ, ಮುರಿದದ್ದು ತಾನಾಗಿ ಕೂಡುವುದಿಲ್ಲ. ಕಾಯುವುದು ನೆತ್ತಿಯ ಚರ್ಮ ಸುಧಾರಿಸಲಿ ಅಂತ, ಮತ್ತು ಒಂದೆರಡು ವಾರ ತೊಳೆದು ಬಾಚಿದ ಮೇಲೆ ಕೂದಲಿನ ನಿಜವಾದ ಸ್ಥಿತಿ ಗೊತ್ತಾಗಲಿ ಅಂತ. ತೊಳೆದ ದಿನ ಕಂಡೀಷನರ್‌ನ ನಯದಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ ಅಲ್ವಾ?

ಸ್ಥಿತಿ ನೋಡುವುದು ಸುಲಭ. ಒದ್ದೆಯಾದ ಒಂದು ಎಳೆಯನ್ನು ಎರಡೂ ಕೈಯ ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಗಟ್ಟಿ ಕೂದಲು ಸ್ವಲ್ಪ ಹಿಗ್ಗಿ, ಬಿಟ್ಟ ತಕ್ಷಣ ಮೊದಲಿನ ಉದ್ದಕ್ಕೆ ಬರುತ್ತದೆ. ಸೋತ ಕೂದಲು ಹಿಗ್ಗುತ್ತಲೇ ಹೋಗುತ್ತದೆ, ತೆಳ್ಳಗಾಗುತ್ತದೆ, ಬಿಟ್ಟರೆ ವಾಪಸ್ ಬರದೆ ಸುರುಳಿಯಾಗಿ ನಿಲ್ಲುತ್ತದೆ, ಇಲ್ಲವೇ ಕೈಯಲ್ಲೇ ತುಂಡಾಗುತ್ತದೆ. ಒಬ್ಬ ಹುಡುಗಿ ತಲೆಗೆ ದುಪಟ್ಟಾ ಸುತ್ತಿಕೊಂಡು ಬಂದಿದ್ದಳು, ಮರುವಾರ ಅಕ್ಕನ ಮದುವೆ. ನಾನು ನೀರು ಹಾಕಿ ಬಾಚಣಿಗೆ ಇಟ್ಟೆ, ಕಿವಿಯ ಹಿಂದಿನ ಒಂದು ಗೊಂಚಲು ಹಲ್ಲುಗಳ ನಡುವೆಯೇ ಉಳಿಯಿತು. ಭುಜದ ಮಟ್ಟಕ್ಕೆ ಕತ್ತರಿಸಿ, ಉಳಿದದ್ದಕ್ಕೆ ಕಂದು ಬಣ್ಣ ಹಾಕಿ ಕಳಿಸಿದೆ. ಚೆನ್ನಾಗಿಯೇ ಕಾಣುತ್ತಿದ್ದಳು. ಆದರೆ ಸೊಂಟದವರೆಗೆ ಇದ್ದ ಕೂದಲು ಅದು. ಅವಳ ಮುಖ ನನಗೆ ಇನ್ನೂ ಮರೆತಿಲ್ಲ.

ಗಾಬರಿಯಲ್ಲಿ ಮಾಡುವ ಇನ್ನೊಂದು ಕೆಲಸ, ಈ ಸಲ ಸ್ಟ್ರಾಂಗ್ ಇರಲಿ ಅಂತ 40 ವಾಲ್ಯೂಮ್ ಡೆವಲಪರ್, ಅಂದರೆ ಬ್ಲೀಚ್ ಪುಡಿ ಕಲಸುವ ಪೆರಾಕ್ಸೈಡ್ ದ್ರಾವಣ, ತರುವುದು. 20 ವಾಲ್ಯೂಮ್ ಅಂದರೆ 6 ಶೇಕಡಾ ಪೆರಾಕ್ಸೈಡ್, 40 ಅಂದರೆ 12 ಶೇಕಡಾ. ಮನೆಯಲ್ಲಿ, ಅದರಲ್ಲೂ ನೆತ್ತಿಗೆ ತಾಗುವ ಕಡೆ, 20ಕ್ಕಿಂತ ಮೇಲೆ ಹೋಗಬೇಡಿ. ಮೈಯ ಬಿಸಿಗೆ ಬುಡದ ಕೂದಲು ಬೇಗ ತಿಳಿಯಾಗುತ್ತದೆ, ಅದಕ್ಕೇ ಮೊದಲ ಸಲ ಮಾಡುವಾಗ ಬುಡಕ್ಕೆ ಕೊನೆಯಲ್ಲಿ ಹಚ್ಚುವುದು. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಕೂದಲು ಬೆಳೆಯುತ್ತದೆ. ಮುಂದೆ ಟಚ್‌ಅಪ್ ಮಾಡುವಾಗ ಆ ಹೊಸ ಕಪ್ಪು ಭಾಗಕ್ಕೆ ಮಾತ್ರ ಬ್ಲೀಚ್ ತಾಗಬೇಕು. ಹಳೆಯ ಬ್ಲೀಚ್ ಆದ ಜಾಗಕ್ಕೆ ಅದು ಜಾರಿತು ಅಂದರೆ, ಸರಿಯಾಗಿ ಅಲ್ಲೇ ಕೂದಲು ಮುರಿಯುತ್ತದೆ.

ಮೆಹಂದಿ ಹಚ್ಚಿಕೊಂಡವರು ದಯವಿಟ್ಟು ಮೊದಲು ಕತ್ತರಿಸಿದ ಒಂದು ಚಿಕ್ಕ ಗೊಂಚಲಿಗೆ ಹಚ್ಚಿ ನೋಡಿ. ಶುದ್ಧ ಮೆಹಂದಿ ಆದರೆ ಬಣ್ಣ ಬಿಡಲು ಸತಾಯಿಸುತ್ತದೆ, ಅಷ್ಟೇ. ಆದರೆ ಲೋಹದ ಲವಣ ಬೆರೆಸಿದ ಪುಡಿಗಳೂ ಇವೆ, ಅವು ಪೆರಾಕ್ಸೈಡ್ ಜೊತೆ ಸೇರಿ ಸುಡುವಷ್ಟು ಬಿಸಿಯಾಗಬಹುದು. ಅಲರ್ಜಿ ಪರೀಕ್ಷೆಯನ್ನು 48 ಗಂಟೆ ಮೊದಲೇ ಮಾಡಿಕೊಳ್ಳಿ. ಉರಿ ಜಾಸ್ತಿಯಾದರೆ ಬಣ್ಣ ಎಲ್ಲಿಗೇ ಬಂದಿರಲಿ, ತೊಳೆದುಬಿಡಿ. ಗುಳ್ಳೆ ಎದ್ದರೆ ಚರ್ಮದ ಡಾಕ್ಟರ್ ಹತ್ತಿರ ಹೋಗಿ, ನನ್ನ ಹತ್ತಿರ ಅಲ್ಲ.

ಆಮೇಲಿನ ಆರೈಕೆಗೆ ಸುಮ್ನೆ ಹತ್ತು ಬಾಟಲಿ ಕೊಳ್ಳಬೇಡಿ. ತಲೆಸ್ನಾನ ಕಡಿಮೆ ಮಾಡಿ, ಪ್ರತಿ ಸಲ ಕಂಡೀಷನರ್ ಹಾಕಿ. ಸ್ನಾನಕ್ಕೆ ಮೊದಲು ತೆಂಗಿನ ಎಣ್ಣೆ ಹಚ್ಚಿದರೆ ತೊಳೆಯುವಾಗ ಪ್ರೋಟೀನ್ ಹೋಗುವುದು ಕಡಿಮೆಯಾಗುತ್ತದೆ, ಯಾಕೆಂದರೆ ಅದು ಎಳೆಯ ಒಳಗೆ ಇಳಿಯುವ ಎಣ್ಣೆ. ಪ್ರೋಟೀನ್ ಮಾಸ್ಕ್ ಅಪರೂಪಕ್ಕೆ ಸಾಕು. ಪದೇ ಪದೇ ಹಾಕಿದರೆ ಕೂದಲು ಬಿರುಸಾಗಿ ಪಟ್ ಅಂತ ಮುರಿಯುತ್ತದೆ. ಒದ್ದೆ ಕೂದಲನ್ನು ಟವೆಲ್‌ನಿಂದ ಉಜ್ಜಬೇಡಿ, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಶುರು ಮಾಡಿ ಮೇಲಕ್ಕೆ ಹೋಗಿ. ಕೂದಲು ನೇರ ಮಾಡುವ ಇಸ್ತ್ರಿ ಯಂತ್ರವನ್ನು ಕೆಲವು ವಾರ ಒಳಗಿಡಿ. ಈಜುಕೊಳಕ್ಕೆ ಹೋಗುವವರು ಇಳಿಯುವ ಮೊದಲು ಶುದ್ಧ ನೀರಲ್ಲಿ ತಲೆ ಪೂರ್ತಿ ನೆನೆಸಿಕೊಳ್ಳಿ. ಕೊಳದ ನೀರಲ್ಲಿರುವ ತಾಮ್ರದಿಂದ ತಿಳಿ ಕೂದಲಿಗೆ ಹಸಿರು ಛಾಯೆ ಬರುತ್ತದೆ. ಹಾಗೆ ಬಂದರೂ ಬ್ಲೀಚ್ ಡಬ್ಬಿ ತೆಗೆಯಬೇಡಿ, ಲೋಹ ತೆಗೆಯುವ ಶಾಂಪೂ ಬೇರೆಯೇ ಸಿಗುತ್ತದೆ.