ಸೊಸೆಗೆ ಬೀಟ್‌ರೂಟ್ ಜ್ಯೂಸ್ ಇನ್ನೆಷ್ಟು ದಿನ ಕೊಡಬೇಕು?

ಪ್ರಶ್ನೆ: ಸೊಸೆಗೆ ಹಿಮೋಗ್ಲೋಬಿನ್ 9.1 ಇತ್ತು. ದಿನಾ ಬೆಳಿಗ್ಗೆ ಒಂದು ಲೋಟ ಬೀಟ್‌ರೂಟ್ ಜ್ಯೂಸ್, ಮಧ್ಯಾಹ್ನ ದಾಳಿಂಬೆ ಕೊಡುತ್ತಾ ಬಂದೆ. ಮೂರು ತಿಂಗಳಾದ ಮೇಲೆ ಮತ್ತೆ ನೋಡಿಸಿದರೆ 9.3. ಇನ್ನೆಷ್ಟು ದಿನ ಕೊಡಬೇಕು? (ಡೊಂಬಿವಲಿಯ ಓದುಗರೊಬ್ಬರು)

ಉತ್ತರ: ಅಮ್ಮಾ, ಮೊದಲು ಒಂದು ಮಾತು. 9.1 ಇದ್ದದ್ದು 9.3 ಆಗಿದ್ದು ಏರಿಕೆಯೇ ಅಲ್ಲ. ಅದೇ ದಿನ ಅದೇ ಕೈಯಿಂದ ಎರಡು ಸಲ ರಕ್ತ ತೆಗೆದರೂ ಅಷ್ಟು ವ್ಯತ್ಯಾಸ ಬರುತ್ತದೆ. ನಿಮ್ಮ ಸೊಸೆಯ ರಕ್ತ ಮೂರು ತಿಂಗಳಿನಿಂದ ಇದ್ದಲ್ಲೇ ಇದೆ.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಾಯಿತೋ ಲೆಕ್ಕವಿಲ್ಲ. ಆದರೂ ಲೋಕಲ್ ಸ್ಟೇಷನ್ನಿನ ಹೊರಗಿನ ಜ್ಯೂಸ್ ಅಂಗಡಿಯಲ್ಲಿ ‘ರಕ್ತ ಹೆಚ್ಚುತ್ತದೆ’ ಎಂದು ಕೇಳಿಕೊಂಡು ಬಂದವರು ಮತ್ತೆ ಅದನ್ನೇ ಕೇಳುತ್ತಾರೆ. ಹಾಗಾಗಿ ಈ ಸಲ ಲೆಕ್ಕವನ್ನೇ ಮಾಡಿಬಿಡೋಣ.

ಒಂದು ಗ್ರಾಂ ಹಿಮೋಗ್ಲೋಬಿನ್‌ನಲ್ಲಿ ಸುಮಾರು 3.4 ಮಿಲಿಗ್ರಾಂ ಕಬ್ಬಿಣ ಇರುತ್ತದೆ. 50 ಕಿಲೋ ತೂಕದ ಹೆಂಗಸಿನ ಮೈಯಲ್ಲಿ ಸುಮಾರು ಮೂರೂವರೆ ಲೀಟರ್ ರಕ್ತ. ರಿಪೋರ್ಟಿನ ಅಂಕಿ 100 ಮಿಲಿ ರಕ್ತಕ್ಕೆ ಹೇಳಿದ್ದು. ಅದು ಒಂದೇ ಒಂದು ಏರಬೇಕಾದರೆ ಇಡೀ ಮೈಗೆ 35 ಗ್ರಾಂ ಹೊಸ ಹಿಮೋಗ್ಲೋಬಿನ್ ಬೇಕು, ಅದಕ್ಕೆ ಹತ್ತಿರ ಹತ್ತಿರ 120 ಮಿಲಿಗ್ರಾಂ ಕಬ್ಬಿಣ ಬೇಕು. ಈಗ ಬೀಟ್‌ರೂಟ್ ನೋಡಿ. 100 ಗ್ರಾಮಿನಲ್ಲಿ ಕಬ್ಬಿಣ ಸುಮಾರು 0.8 ಮಿಲಿಗ್ರಾಂ. ಒಂದು ಲೋಟಕ್ಕೆ 200 ಗ್ರಾಂ ಗಡ್ಡೆ ಹಾಕಿದರೆ 1.6. ಸೊಪ್ಪು ತರಕಾರಿಯ ಕಬ್ಬಿಣದಲ್ಲಿ ಕರುಳು ಒಳಗೆ ಬಿಟ್ಟುಕೊಳ್ಳುವುದು ನೂರಕ್ಕೆ ಹತ್ತರಷ್ಟು ಎಂದು ಹಿಡಿಯೋಣ. ಅಂದರೆ ಲೋಟಕ್ಕೆ 0.16 ಮಿಲಿಗ್ರಾಂ. 120 ಆಗಲು 750 ಲೋಟ, ದಿನಕ್ಕೊಂದರಂತೆ ಎರಡು ವರ್ಷ. ಅದೂ ಒಂದೇ ಅಂಕಿ ಏರಲು. ರಕ್ತ ಕಮ್ಮಿ ಇದ್ದಾಗ ಕರುಳು ಇನ್ನಷ್ಟು ಎಳೆದುಕೊಳ್ಳುತ್ತದೆ, ನಿಜ. ಎರಡು ಪಾಲು ಎಳೆದುಕೊಂಡಿತು ಎಂದರೂ ಒಂದು ವರ್ಷ ಬೇಕು.

ಇಷ್ಟಾದರೂ ಲೆಕ್ಕ ಪೂರ್ತಿಯಾಗಲಿಲ್ಲ. ಯಾವ ಕಾಯಿಲೆ ಇಲ್ಲದವರ ಮೈಯಿಂದಲೂ ದಿನಕ್ಕೆ ಸುಮಾರು 1 ಮಿಲಿಗ್ರಾಂ ಕಬ್ಬಿಣ ಹೊರಗೆ ಹೋಗುತ್ತದೆ. ಮುಟ್ಟಿನಲ್ಲಿ ಹೋಗುವುದು ಅದರ ಮೇಲೆ. ಒಂದೂವರೆ ಗಂಟೆಗೊಮ್ಮೆ ಪ್ಯಾಡ್ ಬದಲಿಸುವಷ್ಟು, ಗೆಡ್ಡೆ ಗೆಡ್ಡೆಯಾಗಿ ಹೋಗುವಷ್ಟು ಮುಟ್ಟಿದ್ದರೆ ಸೋರಿಕೆಯೇ ಹೆಚ್ಚು. ಲೋಟದಲ್ಲಿ ಬರುವ 0.16 ಅದರ ಮುಂದೆ ಏನೂ ಅಲ್ಲ.

‘ಹಾಗಾದರೆ ಅಷ್ಟು ಕೆಂಪು ಯಾಕೆ?’ ಬೀಟ್‌ರೂಟಿನ ಕೆಂಪು ಬೀಟಾನಿನ್ ಎಂಬ ಬಣ್ಣ. ಅದರಲ್ಲಿ ಕಬ್ಬಿಣದ ಅಣು ಇಲ್ಲವೇ ಇಲ್ಲ. ರಕ್ತದ ಕೆಂಪು ಬೇರೆ, ಅದು ಹಿಮೋಗ್ಲೋಬಿನ್ನಿನ ಕಬ್ಬಿಣ ಹೊತ್ತ ಭಾಗವಾದ ಹೀಮ್‌ನಿಂದ ಬರುವುದು. ಜ್ಯೂಸ್ ಕುಡಿದ ಮೇಲೆ ಕೆಲವರಿಗೆ ಮೂತ್ರ ಕೆಂಪಗಾಗುತ್ತದೆ. ‘ನೋಡಿ, ರಕ್ತ ಆಗ್ತಾ ಇದೆ’ ಎಂದು ಸಂತೋಷಪಡುವವರಿದ್ದಾರೆ. ಅದು ಜೀರ್ಣವಾಗದೆ ಹೊರಬಂದ ಬಣ್ಣ, ಅಷ್ಟೆ. ಕಬ್ಬಿಣ ಕಮ್ಮಿ ಇರುವವರಲ್ಲೇ ಇದು ಹೆಚ್ಚು ಕಾಣಿಸಿಕೊಳ್ಳುತ್ತದೆ. ಅಂದರೆ ಕೆಂಪು ಮೂತ್ರ ಕಂಡು ಖುಷಿಪಡುವುದಕ್ಕಿಂತ ಒಮ್ಮೆ ರಕ್ತ ಪರೀಕ್ಷೆ ಮಾಡಿಸುವುದು ಮೇಲು. ದಾಳಿಂಬೆಯಲ್ಲಂತೂ 100 ಗ್ರಾಮಿಗೆ ಕಬ್ಬಿಣ ಸುಮಾರು 0.3 ಮಿಲಿಗ್ರಾಂ, ಬೀಟ್‌ರೂಟಿಗಿಂತಲೂ ಕಡಿಮೆ.

ಬೀಟ್‌ರೂಟ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅದರಲ್ಲಿ ಫೋಲೇಟ್ ಎಂಬ ವಿಟಮಿನ್ ಚೆನ್ನಾಗಿದೆ, ಪಲ್ಯ ಮಾಡಿ ತಿನ್ನಿ. ಕಬ್ಬಿಣವೇ ಬೇಕೆಂದರೆ ಹುರುಳಿ ಸಾರು, ಮಾರ್ಕೆಟಿನಲ್ಲಿ ಲಾಲ್ ಮಾಠ್ ಎಂದು ಸಿಗುವ ಹರಿವೆ ಸೊಪ್ಪು, ಮರಾಠಿ ಮನೆಗಳಲ್ಲಿ ಬಾಣಂತಿಗೆ ಕೊಡುವ ಹಳೀವ್ ಲಾಡು ಇವೆಲ್ಲ ಮೇಲು. ಮೇಲೆ ಲಿಂಬೆ ಹಿಂಡಿಕೊಂಡರೆ ಇನ್ನೂ ಒಳ್ಳೆಯದು. ಮೀನು ಮಾಂಸ ತಿನ್ನುವವರಿಗೆ ಮರುವಾಯಿ, ಕಲೇಜಿ ಎರಡೂ ಬಹಳ ಒಳ್ಳೆಯವು, ಅವುಗಳ ಕಬ್ಬಿಣ ಸುಲಭವಾಗಿ ಮೈಗೆ ಹತ್ತುತ್ತದೆ. ಆದರೆ ಇವೆಲ್ಲ 12 ಇದ್ದದ್ದನ್ನು 12ರಲ್ಲೇ ಉಳಿಸಿಕೊಳ್ಳಲು. 9ಕ್ಕೆ ಇಳಿದ ಮೇಲೆ ಊಟವೊಂದರಿಂದ ಮೇಲೆ ಬರುವುದಿಲ್ಲ. ಮಾತ್ರೆ ಬೇಕು.

ಒಂದು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇದ್ದು, ಅದರಲ್ಲೂ ನೂರಕ್ಕೆ ಹತ್ತೇ ಒಳಗೆ ಹೋಯಿತೆನ್ನಿ. 6 ಮಿಲಿಗ್ರಾಂ ಆಯಿತು. ನಿಮ್ಮ 37 ಲೋಟ ಜ್ಯೂಸು ಒಂದು ಮಾತ್ರೆಯಲ್ಲಿ ಬಂತು. ಸ್ಟ್ರಿಪ್ ತಿರುಗಿಸಿ ಹಿಂದೆ ಓದಿ. ‘ಎಲಿಮೆಂಟಲ್ ಐರನ್’ ಎಂದು ಬರೆದ ಅಂಕಿಯೇ ಲೆಕ್ಕಕ್ಕೆ ಬರುವುದು. ಫೆರಸ್ ಫ್ಯೂಮರೇಟ್‌ನಲ್ಲಿ ಮೂರನೇ ಒಂದು ಪಾಲು ಮಾತ್ರ ಕಬ್ಬಿಣ, ಗ್ಲುಕೋನೇಟ್‌ನಲ್ಲಿ ನೂರಕ್ಕೆ 12.

ಡಾಕ್ಟರು ಬರೆದುಕೊಟ್ಟ ಮಾತ್ರೆಯೂ ಹಿಡಿಯಲಿಲ್ಲ ಎನ್ನುವವರಲ್ಲಿ ಹೆಚ್ಚಿನವರ ತಪ್ಪು ಇಷ್ಟೇ: ಚಾ ಜೊತೆ ನುಂಗುತ್ತಾರೆ. ಚಾದ ಟ್ಯಾನಿನ್ ಕಬ್ಬಿಣವನ್ನು ಹೊಟ್ಟೆಯಲ್ಲೇ ಕಟ್ಟಿಹಾಕುತ್ತದೆ. ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ತೆಗೆದುಕೊಂಡು ಒಂದೆರಡು ಗಂಟೆ ಚಾ, ಕಾಫಿ, ಹಾಲು ಮುಟ್ಟಬಾರದು. ಕ್ಯಾಲ್ಸಿಯಂ ಮಾತ್ರೆಯನ್ನು ರಾತ್ರಿಗೆ ಇಟ್ಟುಕೊಳ್ಳಿ. ಗ್ಯಾಸಿಗೆಂದು ವರ್ಷಗಟ್ಟಲೆ ನುಂಗುವ ಪ್ಯಾಂಟೊಪ್ರಜೋಲ್ ಕೂಡ ಅಡ್ಡಬರುತ್ತದೆ, ಡಾಕ್ಟರಿಗೆ ಹೇಳಿ. ಹೊಟ್ಟೆ ತೊಳಸಿದರೆ ಬಿಟ್ಟುಬಿಡಬೇಡಿ, ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದೇ ಎಂದು ಕೇಳಿ. ಒಂದು ಮಾತ್ರೆ ನುಂಗಿದ ಮೇಲೆ ಹೆಪ್ಸಿಡಿನ್ ಎಂಬ ಹಾರ್ಮೋನ್ ಏರಿ ಸುಮಾರು ಒಂದು ದಿನ ಕರುಳಿನ ಬಾಗಿಲು ಎಳೆದುಕೊಳ್ಳುತ್ತದೆ. ಆದ್ದರಿಂದ ದಿನ ಬಿಟ್ಟು ತೆಗೆದುಕೊಂಡರೆ ಪ್ರತಿ ಮಾತ್ರೆಯಿಂದ ಒಳಗೆ ಹೋಗುವ ಪಾಲು ಹೆಚ್ಚು. ಮಲ ಕಪ್ಪಗಾಗುವುದು ಸಹಜ. ಸರಿಯಾಗಿ ತೆಗೆದುಕೊಂಡರೆ ನಾಲ್ಕು ವಾರದಲ್ಲಿ ಒಂದೆರಡು ಅಂಕಿ ಏರಬೇಕು. 12 ಮುಟ್ಟಿತೆಂದು ನಿಲ್ಲಿಸಬಾರದು. ಮೈಯಲ್ಲಿನ ಕಬ್ಬಿಣದ ಉಗ್ರಾಣ ತುಂಬಲು ಇನ್ನೂ ಮೂರು ತಿಂಗಳು ಬೇಕು. ಡಬ್ಬಿಯನ್ನು ಮಕ್ಕಳ ಕೈಗೆ ಸಿಗದಂತೆ ಇಡಿ, ಒಂದು ಹಿಡಿ ಕಬ್ಬಿಣದ ಮಾತ್ರೆ ಸಣ್ಣ ಮಗುವಿನ ಜೀವ ತೆಗೆಯಬಲ್ಲದು.

ಮಾತ್ರೆ ಶುರು ಮಾಡುವ ಮೊದಲು ಫೆರಿಟಿನ್ ಮಾಡಿಸಿ, ಅದು ಉಗ್ರಾಣದಲ್ಲಿ ಕಬ್ಬಿಣ ಎಷ್ಟಿದೆ ಎಂದು ತೋರಿಸುವ ರಕ್ತ ಪರೀಕ್ಷೆ. 15ಕ್ಕಿಂತ ಕೆಳಗಿದ್ದರೆ ಉಗ್ರಾಣ ಖಾಲಿ ಎಂದೇ ಅರ್ಥ. ಜ್ವರ, ಸೋಂಕು ಇದ್ದಾಗ ಅದು ಸುಳ್ಳು ಸುಳ್ಳೇ ಏರುತ್ತದೆ, ಆಗ ಮಾಡಿಸಬೇಡಿ. ಗಂಡಸರಿಗೋ ಮುಟ್ಟು ನಿಂತ ಹೆಂಗಸರಿಗೋ ಕಬ್ಬಿಣ ಕಮ್ಮಿಯಾಗಿದ್ದರೆ ಮಾತ್ರೆ ಕೊಟ್ಟು ಸುಮ್ಮನಾಗುವುದು ದೊಡ್ಡ ತಪ್ಪು. ಹೊಟ್ಟೆ ಕರುಳಿನಲ್ಲಿ ಎಲ್ಲಿ ಸೋರುತ್ತಿದೆ ಎಂದು ಹುಡುಕಲೇಬೇಕು.

ಇನ್ನು ನೀವು ಕೇಳದ, ಆದರೆ ಕೇಳಬೇಕಿದ್ದ ಒಂದು ವಿಷಯ. ಸೊಸೆಯ ಸಿಬಿಸಿ, ಅಂದರೆ ರಕ್ತಕಣ ಎಣಿಕೆಯ ರಿಪೋರ್ಟಿನಲ್ಲಿ ಎಲ್ಲರೂ ಮೊದಲ ಸಾಲು ನೋಡಿ ಮಡಚಿಡುತ್ತಾರೆ. ಕೆಳಗೆ ಆರ್‌ಬಿಸಿ ಕೌಂಟ್, ಎಂಸಿವಿ ಎಂದು ಎರಡು ಸಾಲುಗಳಿವೆ. ಮೊದಲನೆಯದು ಕೆಂಪು ಕಣಗಳ ಸಂಖ್ಯೆ, ಎಂಸಿವಿ ಅಂದರೆ ಕೆಂಪು ಕಣದ ಗಾತ್ರ. ಒಂದು ರಿಪೋರ್ಟಿನಲ್ಲಿ ಹಿಮೋಗ್ಲೋಬಿನ್ 9.3, ಆರ್‌ಬಿಸಿ 3.9, ಎಂಸಿವಿ 74 ಎಂದಿರಲಿ. ಇನ್ನೊಂದರಲ್ಲಿ 10.8, 5.6, 62. ಎಂಸಿವಿಯನ್ನು ಆರ್‌ಬಿಸಿಯಿಂದ ಭಾಗಿಸಿ. ಮೊದಲನೆಯದಕ್ಕೆ 19, ಎರಡನೆಯದಕ್ಕೆ 11. 13ಕ್ಕಿಂತ ಮೇಲಿದ್ದರೆ ಕಬ್ಬಿಣದ ಕೊರತೆಯ ಸಾಧ್ಯತೆ ಹೆಚ್ಚು. ಕೆಳಗಿದ್ದರೆ, ಅಂದರೆ ಕಣಗಳು ತೀರಾ ಚಿಕ್ಕವು ಆದರೆ ಸಂಖ್ಯೆಯಲ್ಲಿ ಬೇಕಾದಷ್ಟು ಇದ್ದರೆ, ಥಲಸ್ಸೀಮಿಯಾ ಮೈನರ್ ಇರಬಹುದು, ಅಂದರೆ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ವಂಶಪಾರಂಪರ್ಯ ದೋಷವನ್ನು ಅಪ್ಪ ಅಮ್ಮನಲ್ಲಿ ಒಬ್ಬರಿಂದ ಪಡೆದಿರುವುದು. ಈ ಭಾಗಾಕಾರ ಸುಳಿವು ಮಾತ್ರ. ಖಚಿತವಾಗುವುದು ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರೆ ಬೇರೆಯಾಗಿ ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆಯಿಂದ, ಮೈನರ್ ಇದ್ದರೆ ಅದರಲ್ಲಿ ಹಿಮೋಗ್ಲೋಬಿನ್ ಎ2 ಎಂಬ ಬಗೆ ಸಾಮಾನ್ಯವಾಗಿ ನೂರಕ್ಕೆ 3.5 ದಾಟಿರುತ್ತದೆ. ಮುಂಬಯಿಯವರು ಇದಕ್ಕಾಗಿ ಎಲ್ಲೆಲ್ಲೋ ಅಲೆಯಬೇಕಾಗಿಲ್ಲ. ಪರೇಲಿನ ಕೆಇಎಂ ಆಸ್ಪತ್ರೆಯ ಆವರಣದಲ್ಲೇ ರಕ್ತದ ಇಂಥ ಕಾಯಿಲೆಗಳಿಗೆಂದೇ ಕೇಂದ್ರ ಸರಕಾರದ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ ರಾಷ್ಟ್ರೀಯ ಸಂಸ್ಥೆ ಇದೆ.

ಮೈನರ್ ಇದ್ದವರಿಗೆ ಸಾಮಾನ್ಯವಾಗಿ ಏನೂ ತೊಂದರೆ ಇಲ್ಲ. ಫೆರಿಟಿನ್ ಸರಿಯಿದ್ದರೆ ಅವರಿಗೆ ಕಬ್ಬಿಣದ ಮಾತ್ರೆಯೂ ಬೇಡ. ಆದರೆ ಗಂಡ ಹೆಂಡತಿ ಇಬ್ಬರಿಗೂ ಇದ್ದರೆ ಪ್ರತಿ ಬಸಿರಿನಲ್ಲೂ ನೂರಕ್ಕೆ 25ರಷ್ಟು ಮೇಜರ್, ಅಂದರೆ ಇಬ್ಬರಿಂದಲೂ ದೋಷ ಪಡೆದ ಮಗುವಿನ ಸಾಧ್ಯತೆ. ಆ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಬೇಕು. ಪ್ರತಿ ಬಾಟಲಿಯೊಂದಿಗೆ 200 ಮಿಲಿಗ್ರಾಮಿನಷ್ಟು ಕಬ್ಬಿಣ ಮೈಯಲ್ಲಿ ಕೂರುತ್ತದೆ, ಅದನ್ನು ಹೊರಹಾಕಲು ದಿನಾ ಔಷಧ ಬೇಕು. ‘ಅದು ಸಿಂಧಿಗಳ, ಲೋಹಾಣರ ಕಾಯಿಲೆ, ನಮ್ಮಲ್ಲಿಲ್ಲ’ ಎನ್ನಬೇಡಿ. ಅವರಲ್ಲಿ ಹೆಚ್ಚು, ನಿಜ. ಇಲ್ಲದ ಸಮುದಾಯ ಮಾತ್ರ ಇಲ್ಲ.

ಎಚ್‌ಪಿಎಲ್‌ಸಿಗೆ ರಕ್ತ ಕೊಡುವಾಗ ಎರಡು ಎಚ್ಚರ. ಹಿಂದಿನ ಮೂರು ತಿಂಗಳಲ್ಲಿ ರಕ್ತ ಹಾಕಿಸಿಕೊಂಡಿದ್ದರೆ ಮೊದಲೇ ಹೇಳಿ, ದಾನಿಯ ರಕ್ತ ಬೆರೆತು ಫಲಿತಾಂಶ ಕೆಡುತ್ತದೆ. ಕಬ್ಬಿಣ ತೀರಾ ಕಮ್ಮಿ ಇದ್ದರೆ ಎ2 ಇಳಿದು ಮೈನರ್ ಮುಚ್ಚಿಹೋಗಬಹುದು, ಆಗ ಕಬ್ಬಿಣ ತುಂಬಿದ ಮೇಲೆ ಇನ್ನೊಮ್ಮೆ ಮಾಡಿಸಬೇಕು. ಸೊಸೆ ಈಗಾಗಲೇ ಬಸುರಿಯಾಗಿದ್ದರೆ ಅಷ್ಟು ಕಾಯಲು ಹೊತ್ತಿಲ್ಲ. ಅವಳ ಜೊತೆ ಮಗನ ರಕ್ತವನ್ನೂ ಅದೇ ದಿನ ಕೊಡಿಸಿ.