ಇನ್‌ಸ್ಟೆನ್ಸ್ ಎಷ್ಟಿರಬೇಕು? ಮೊದಲು ಡೇಟಾಬೇಸ್ ಕೇಳಿ

ಪರೀಕ್ಷಾ ಫಲಿತಾಂಶ ತೋರಿಸುವ ಒಂದು ವೆಬ್ ಆ್ಯಪ್ ಇದೆ ಎಂದುಕೊಳ್ಳಿ. ವರ್ಷವಿಡೀ ದಿನಕ್ಕೆ ನೂರು ಜನ ಬಂದರೆ ಹೆಚ್ಚು. ಆ ಒಂದು ದಿನ ಬೆಳಗ್ಗೆ ಮಾತ್ರ ಹತ್ತು ನಿಮಿಷದೊಳಗೆ ಇಡೀ ಜಿಲ್ಲೆಯೇ ಬಂದು ನಿಲ್ಲುತ್ತದೆ. ಇಂಥ ಕೆಲಸಕ್ಕೆ ಗೂಗಲ್‌ನ ಕ್ಲೌಡ್ ರನ್ ಹೇಳಿ ಮಾಡಿಸಿದ ಹಾಗಿದೆ: ಕಂಟೇನರ್ ಇಮೇಜ್ (ಆ್ಯಪ್ ಮತ್ತು ಅದಕ್ಕೆ ಬೇಕಾದದ್ದೆಲ್ಲ ಸೇರಿದ ಕಟ್ಟು) ಕೊಟ್ಟರೆ ಜನ ಬಂದಂತೆ ಇನ್‌ಸ್ಟೆನ್ಸ್‌ಗಳು, ಅಂದರೆ ಆ್ಯಪ್‌ನ ಓಡುವ ಪ್ರತಿಗಳು, ತಾವಾಗಿಯೇ ಹೆಚ್ಚುತ್ತವೆ, ಯಾರೂ ಇಲ್ಲದಾಗ ಸೊನ್ನೆಗೆ ಇಳಿಯುತ್ತವೆ. ಆದರೆ ಹೀಗೆ ಹೆಚ್ಚುವುದು ಆ್ಯಪ್ ಮಾತ್ರ. ಅದರ ಬೆನ್ನಿಗಿರುವ ಪೋಸ್ಟ್‌ಗ್ರೆಸ್ ಡೇಟಾಬೇಸ್ ಒಂದೇ, ಅದು ಇದ್ದಷ್ಟೇ ಇರುತ್ತದೆ. ಸ್ಕೇಲಿಂಗ್ ಲೆಕ್ಕವನ್ನು ಡೇಟಾಬೇಸ್ ಕಡೆಯಿಂದ ಹಿಂದಕ್ಕೆ ಹಾಕುತ್ತಾ ಬರಬೇಕೆನ್ನುವುದು ಇದೇ ಕಾರಣಕ್ಕೆ.

ಮೊದಲು ಕಂಟೇನರ್ ಎದ್ದು ನಿಲ್ಲಬೇಕಲ್ಲ. ಕ್ಲೌಡ್ ರನ್ ಯಾವ ಪೋರ್ಟ್‌ನಲ್ಲಿ ಕಾಯಬೇಕೆಂಬುದನ್ನು 'ಪೋರ್ಟ್' ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಕೊಡುತ್ತದೆ. ನಾವು ಬದಲಿಸದಿದ್ದರೆ ಅದು 8080. ಆ್ಯಪ್ ಆ ಯಂತ್ರದೊಳಗೆ ಮಾತ್ರ ಸಿಗುವ 127.0.0.1 ವಿಳಾಸಕ್ಕೆ ಅಂಟಿಕೊಂಡಿದ್ದರೆ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಓಡುತ್ತದೆ, ಕ್ಲೌಡ್‌ನಲ್ಲಿ ಹೊರಗಿನವರಿಗೆ ಸಿಗುವುದೇ ಇಲ್ಲ. 0.0.0.0 ಎಂದು ಬರೆಯಿರಿ. ಆ್ಯಪಲ್ ಸಿಲಿಕಾನ್ ಮ್ಯಾಕ್‌ನಲ್ಲಿ ಬಿಲ್ಡ್ ಮಾಡುವವರು ಪ್ಲಾಟ್‌ಫಾರ್ಮ್ ಲಿನಕ್ಸ್-ಎಎಂಡಿ64 ಎಂದು ಸ್ಪಷ್ಟವಾಗಿ ಹೇಳದಿದ್ದರೆ ಬೇರೆ ಬಗೆಯ ಪ್ರೊಸೆಸರ್‌ಗೆ ಹೊಂದುವ ಆರ್ಮ್ ಇಮೇಜ್ ಸಿದ್ಧವಾಗುತ್ತದೆ, ಡಿಪ್ಲಾಯ್ ಮಾಡಿದಾಗ 'ಎಕ್ಸೆಕ್ ಫಾರ್ಮ್ಯಾಟ್ ಎರರ್' ಬರುತ್ತದೆ.

ಈಗ ಮುಖ್ಯ ವಿಷಯ. ಪೋಸ್ಟ್‌ಗ್ರೆಸ್‌ನ ಮೂಲ ಸೆಟ್ಟಿಂಗ್‌ನಲ್ಲಿ ಒಟ್ಟು ಕನೆಕ್ಷನ್ 100. ಅದರಲ್ಲಿ 3 ಸೂಪರ್‌ಯೂಸರ್‌ಗೆ ಮೀಸಲು, ಆ್ಯಪ್‌ಗೆ ಸಿಗುವುದು 97. ಗೂಗಲ್‌ನ ಡೇಟಾಬೇಸ್ ಸೇವೆಯಾದ ಕ್ಲೌಡ್ ಎಸ್‌ಕ್ಯೂಎಲ್‌ನಲ್ಲಿ ಈ ಮಿತಿ ಯಂತ್ರದ ಮೆಮೊರಿಗೆ ತಕ್ಕಂತೆ ಬದಲಾಗುತ್ತದೆ, ನಿಮ್ಮದು ಎಷ್ಟೆಂದು ನೋಡಿಕೊಳ್ಳಿ. ಇಲ್ಲಿನ ಲೆಕ್ಕಕ್ಕೆ 97 ಇರಲಿ. ಆ್ಯಪ್ ಪೈಥಾನ್‌ನಲ್ಲಿದ್ದು ಡೇಟಾಬೇಸ್ ಜೊತೆ ಮಾತಾಡಲು ಎಸ್‌ಕ್ಯೂಎಲ್‌ಆಲ್ಕೆಮಿ ಲೈಬ್ರರಿ ಬಳಸುತ್ತಿದ್ದರೆ, ಏನೂ ಬದಲಿಸದೆ ಬಿಟ್ಟಾಗ ಪೂಲ್ (ತೆರೆದಿಟ್ಟುಕೊಳ್ಳುವ ಕನೆಕ್ಷನ್‌ಗಳ ಗುಂಪು) ಗಾತ್ರ 5, ಒತ್ತಡ ಬಂದಾಗ ಮೇಲೆ ಸೇರುವ ಓವರ್‌ಫ್ಲೋ 10. ಅಂದರೆ ಒಂದು ಪ್ರೋಸೆಸ್ 15 ಕನೆಕ್ಷನ್‌ವರೆಗೆ ಹಿಡಿಯಬಲ್ಲದು. ಪೈಥಾನ್ ಆ್ಯಪ್ ಓಡಿಸುವ ಗುನಿಕಾರ್ನ್ ಸರ್ವರ್‌ನಲ್ಲಿ 2 ವರ್ಕರ್ (ಬೇರೆಬೇರೆ ಪ್ರೋಸೆಸ್) ಇಟ್ಟರೆ ಒಂದು ಇನ್‌ಸ್ಟೆನ್ಸ್‌ಗೆ 30. ಮೂರು ಇನ್‌ಸ್ಟೆನ್ಸ್‌ಗೆ 90, ಇಲ್ಲಿಯವರೆಗೆ ಸರಿ. ನಾಲ್ಕನೆಯದು ಪೂರ್ತಿ ಬಿಸಿಯಾದಾಗ 120 ಬೇಕು. ಆಗ ಲಾಗ್‌ನಲ್ಲಿ ಉಳಿದ ಸ್ಲಾಟ್‌ಗಳು ಮೀಸಲಾಗಿವೆ ಎಂಬರ್ಥದ ಎರರ್ ಸಾಲುಸಾಲಾಗಿ ಬೀಳತೊಡಗುತ್ತದೆ, ಬಳಕೆದಾರರಿಗೆ 500 ಎಂಬ ಸರ್ವರ್ ಎರರ್ ಕಾಣುತ್ತದೆ. ಇದನ್ನು ನೋಡಿ ಗಾಬರಿಯಾಗಿ ಗರಿಷ್ಠ ಇನ್‌ಸ್ಟೆನ್ಸ್ ಹೆಚ್ಚಿಸಿದರೆ ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ: ಹೊಸದಾಗಿ ಎದ್ದ ಪ್ರತಿ ಇನ್‌ಸ್ಟೆನ್ಸ್ ಮತ್ತಷ್ಟು ಕನೆಕ್ಷನ್ ಕೇಳುತ್ತದೆ.

ಇದರ ಜೊತೆಗೆ ಹಲವರು ಮರೆಯುವ ಇನ್ನೊಂದು ಸಂಗತಿ ಇದೆ. ಹೊಸ ರಿವಿಷನ್ (ಆ್ಯಪ್‌ನ ಹೊಸ ಆವೃತ್ತಿ) ಡಿಪ್ಲಾಯ್ ಆಗುವಾಗ ಹಳೆಯದು ಆ ಕ್ಷಣವೇ ಸಾಯುವುದಿಲ್ಲ, ಎರಡೂ ಸ್ವಲ್ಪ ಹೊತ್ತು ಜೊತೆಯಲ್ಲಿರುತ್ತವೆ. ರಿವಿಷನ್ ಮಟ್ಟದಲ್ಲಿ ಹಾಕಿದ ಗರಿಷ್ಠ ಮಿತಿ ಎರಡಕ್ಕೂ ಬೇರೆಬೇರೆಯಾಗಿ ಅನ್ವಯಿಸುವುದರಿಂದ ಕನೆಕ್ಷನ್ ಬೇಡಿಕೆ ದುಪ್ಪಟ್ಟಾಗಬಹುದು. ಆದ್ದರಿಂದ ನಾನು ಹಾಕುವ ಲೆಕ್ಕ ಹೀಗೆ: ವರ್ಕರ್ 1, ಅದರೊಳಗೆ ಒಟ್ಟಿಗೆ ಕೆಲಸ ಮಾಡುವ ಥ್ರೆಡ್ 8, ಪೂಲ್ 5, ಓವರ್‌ಫ್ಲೋ 0, ಗರಿಷ್ಠ ಇನ್‌ಸ್ಟೆನ್ಸ್ 8. ಎಂಟೈದಲೇ 40. ಡಿಪ್ಲಾಯ್ ವೇಳೆ 80. ಉಳಿದ 17 ಮೈಗ್ರೇಷನ್‌ಗೆ (ಟೇಬಲ್ ರಚನೆ ಬದಲಿಸುವುದಕ್ಕೆ), ಮಾನಿಟರಿಂಗ್‌ಗೆ, ಕಷ್ಟಕಾಲದಲ್ಲಿ ಕೈಯಾರೆ ಒಳಹೊಕ್ಕು ನೋಡುವುದಕ್ಕೆ.

ಎಂಟು ಇನ್‌ಸ್ಟೆನ್ಸ್ ಸಾಕೇ? 8 ಥ್ರೆಡ್‌ನಂತೆ ಒಟ್ಟಿಗೆ 64 ರಿಕ್ವೆಸ್ಟ್. ಒಂದಕ್ಕೆ 200 ಮಿಲಿಸೆಕೆಂಡ್ ಹಿಡಿದರೆ ಸೆಕೆಂಡಿಗೆ ಹೆಚ್ಚೆಂದರೆ 320. ಸಾಲದಿದ್ದರೆ ಫಲಿತಾಂಶದಂಥ ಬದಲಾಗದ ಮಾಹಿತಿಯನ್ನು ಕ್ಯಾಶ್‌ನಲ್ಲಿಡುವುದೇ ಮೊದಲ ಮದ್ದು. ಅದಾದ ಮೇಲೆ ಪಿಜಿಬೌನ್ಸರ್, ಅಂದರೆ ಆ್ಯಪ್ ಮತ್ತು ಪೋಸ್ಟ್‌ಗ್ರೆಸ್ ನಡುವೆ ನಿಂತು ಕನೆಕ್ಷನ್ ಹಂಚುವ ಸಾಧನ. ಅದನ್ನು ಪ್ರತಿ ಟ್ರಾನ್ಸಾಕ್ಷನ್ ಮುಗಿದೊಡನೆ ಕನೆಕ್ಷನ್ ವಾಪಸ್ ಪಡೆಯುವ ಟ್ರಾನ್ಸಾಕ್ಷನ್ ಮೋಡ್‌ನಲ್ಲಿ ಹಾಕುವಾಗ ಸೆಷನ್ ಮಟ್ಟದ ಲಾಕ್ ಮತ್ತು ಸೆಟ್ಟಿಂಗ್‌ಗಳನ್ನು ನಂಬಿದ ಕೋಡ್ ಕೆಡುತ್ತದೆ ಎಂಬುದು ನೆನಪಿರಲಿ.

ಕನ್‌ಕರೆನ್ಸಿ ಸೆಟ್ಟಿಂಗ್ ಕೂಡ ಇದೇ ಲೆಕ್ಕದ ಭಾಗ. ಒಂದು ಇನ್‌ಸ್ಟೆನ್ಸ್‌ಗೆ ಏಕಕಾಲಕ್ಕೆ 80 ರಿಕ್ವೆಸ್ಟ್‌ವರೆಗೆ ಕಳಿಸಬಹುದೆಂದು ಕ್ಲೌಡ್ ರನ್ ಸಾಮಾನ್ಯವಾಗಿ ಭಾವಿಸುತ್ತದೆ. ಒಳಗೆ ಥ್ರೆಡ್ ಇರುವುದು 8. ಉಳಿದ 72 ಒಳಗೇ ಸರತಿಯಲ್ಲಿ ಕೂರುತ್ತವೆ. ಥ್ರೆಡ್‌ಗಳು ಡೇಟಾಬೇಸ್ ಉತ್ತರಕ್ಕೆ ಕಾಯುತ್ತಿರುವಾಗ ಸಿಪಿಯು ಬಳಕೆಯೂ ಕಡಿಮೆಯೇ ಕಾಣುತ್ತದೆ, ಇನ್‌ಸ್ಟೆನ್ಸ್ ಏರಿಸಿ ಇಳಿಸುವ ಆಟೋಸ್ಕೇಲರ್‌ಗೆ ಎಲ್ಲ ಆರಾಮವಾಗಿದೆ ಎನಿಸುತ್ತದೆ. ಪುಟ ತೆರೆಯಲು ಹತ್ತು ಸೆಕೆಂಡ್, ಡ್ಯಾಶ್‌ಬೋರ್ಡ್‌ನಲ್ಲಿ ಮಾತ್ರ ಹಸಿರು: ಈ ವಿಚಿತ್ರಕ್ಕೆ ಬಹುಪಾಲು ಇದೇ ಕಾರಣ. ಕನ್‌ಕರೆನ್ಸಿಯನ್ನು ಥ್ರೆಡ್ ಸಂಖ್ಯೆಗೆ ಸಮನಾಗಿ 8 ಇಡಿ.

ಇನ್‌ಸ್ಟೆನ್ಸ್ ಇಳಿಯುವಾಗಲೂ ಎಚ್ಚರ ಬೇಕು. ಮುಚ್ಚುವ ಮುನ್ನ ಕೆಲಸ ಮುಗಿಸಿಕೊಳ್ಳಿ ಎನ್ನುವ ಸಿಗ್‌ಟರ್ಮ್ ಸಿಗ್ನಲ್ ಬರುತ್ತದೆ, 10 ಸೆಕೆಂಡ್ ಬಳಿಕ ಬಲವಂತವಾಗಿ ನಿಲ್ಲಿಸುವ ಸಿಗ್‌ಕಿಲ್. ಇಮೇಜ್ ಕಟ್ಟುವ ಸೂಚನೆಗಳಿರುವ ಡಾಕರ್‌ಫೈಲ್‌ನ ಕೊನೆಯ ಸಾಲನ್ನು ಶೆಲ್ ರೂಪದಲ್ಲಿ ಬರೆದಿದ್ದರೆ ಮೊದಲ ಪ್ರೋಸೆಸ್ ಶೆಲ್ ಆಗಿ, ಸಿಗ್ನಲ್ ಗುನಿಕಾರ್ನ್‌ವರೆಗೆ ತಲುಪದೇ ಹೋಗಬಹುದು. ಆಗ ಕೈಯಲ್ಲಿದ್ದ ಕೆಲಸ ಅರ್ಧಕ್ಕೆ ಕತ್ತರಿಸುತ್ತದೆ, ಕನೆಕ್ಷನ್‌ಗಳೂ ಅಚ್ಚುಕಟ್ಟಾಗಿ ಮುಚ್ಚುವುದಿಲ್ಲ. ಕಮಾಂಡ್‌ನ ಮುಂದೆ 'ಎಕ್ಸೆಕ್' ಎಂಬ ಒಂದು ಪದ ಸೇರಿಸಿದರೆ ಸಾಕು.

ಮೆಮೊರಿ ಬಗ್ಗೆ ಒಂದೇ ಮಾತು: ಸಾಮಾನ್ಯವಾಗಿ ಸಿಗುವುದು 512 ಎಂಬಿ, ಕಂಟೇನರ್ ಒಳಗಿನ ಟೆಂಪ್ ಫೋಲ್ಡರ್‌ಗೆ ಬರೆದ ಫೈಲ್ ಕೂಡ ಅದರಲ್ಲೇ ಲೆಕ್ಕ. ಪಿಡಿಎಫ್ ತಯಾರಿಸಿ ಅಳಿಸದೆ ಬಿಡುವ ಆ್ಯಪ್ ಇಲ್ಲಿ ಹೆಚ್ಚು ಕಾಲ ಬದುಕುವುದಿಲ್ಲ.

ಫಲಿತಾಂಶದ ದಿನ ಒಂದು ಗಂಟೆ ಮೊದಲೇ ಕನಿಷ್ಠ ಇನ್‌ಸ್ಟೆನ್ಸ್ 4ಕ್ಕೆ ಏರಿಸಿ, ಸಂಜೆ ಮತ್ತೆ 0ಗೆ ಇಳಿಸಿ. ಸುಮ್ಮನೆ ನಿಂತಿದ್ದರೂ ಅವಕ್ಕೆ ಬಿಲ್ ಬರುತ್ತದೆ. ಆ್ಯಪ್, ಡೇಟಾಬೇಸ್ ಎರಡೂ ಒಂದೇ ರೀಜನ್‌ನಲ್ಲಿ (ಡೇಟಾಸೆಂಟರ್ ಪ್ರದೇಶದಲ್ಲಿ) ಇರಲಿ. ಕರ್ನಾಟಕದ ಬಳಕೆದಾರರಿಗೆ ಮುಂಬೈನ ಏಷ್ಯಾ-ಸೌತ್1 ಸರಿಹೋಗುತ್ತದೆ.

ವಾರ ಮುಂಚೆಯೇ ಲೋಡ್ ಟೆಸ್ಟ್ ಮಾಡಿ. ಲೋಡ್ ಓಡುತ್ತಿರುವಾಗಲೇ ಹೊಸ ರಿವಿಷನ್ ಡಿಪ್ಲಾಯ್ ಮಾಡಿ, ಇನ್ನೊಂದು ಕಿಟಕಿಯಲ್ಲಿ ತೆರೆದಿರುವ ಕನೆಕ್ಷನ್‌ಗಳನ್ನು ತೋರಿಸುವ ಪೋಸ್ಟ್‌ಗ್ರೆಸ್‌ನ ಪಿಜಿ_ಸ್ಟಾಟ್_ಆ್ಯಕ್ಟಿವಿಟಿಯಲ್ಲಿ ಆ್ಯಪ್‌ನ ಸಾಲುಗಳನ್ನು ಎಣಿಸುತ್ತಿರಿ. ಸಂಖ್ಯೆ 40ರ ಆಸುಪಾಸಿನಿಂದ 80ರತ್ತ ಏರಿ ಮತ್ತೆ 40ಕ್ಕೆ ಇಳಿಯಬೇಕು. ಇಳಿಯದೆ ಅಲ್ಲೇ ನಿಂತರೆ ಹಳೆಯ ರಿವಿಷನ್ ಕನೆಕ್ಷನ್ ಬಿಟ್ಟಿಲ್ಲ ಎಂದರ್ಥ. ಆ 'ಎಕ್ಸೆಕ್' ಸಾಲನ್ನು ಇನ್ನೊಮ್ಮೆ ನೋಡಿ.