ಟೈರ್ ಬದಲಿಸುವ ಮುಂಚೆ: ಕೊಡಗಿನ ಮಳೆಗೂ ಪೆಟ್ರೋಲ್ ಲೆಕ್ಕಕ್ಕೂ ಹೊಂದುವ ಪಾಠ

ಮೈಸೂರಿನಿಂದ ಮಡಿಕೇರಿಗೆ ಬಂದು ಕಾರಿನಿಂದ ಇಳಿದ ತಕ್ಷಣ ಟೈರಿನ ಮೇಲೆ ಕೈ ಇಟ್ಟು ನೋಡಿ. ಬೆಚ್ಚಗಿರುತ್ತದೆ. ಆ ಬಿಸಿಗೆ ದುಡ್ಡು ಕೊಟ್ಟವರು ನಾವೇ, ಪೆಟ್ರೋಲ್ ಬಂಕಿನಲ್ಲಿ.

ಟೈರ್ ಉರುಳುವಾಗ ನೆಲಕ್ಕೆ ತಾಗಿದ ಭಾಗ ಚಪ್ಪಟೆಯಾಗುತ್ತದೆ, ಮೇಲೆ ಬಂದಾಗ ಮತ್ತೆ ದುಂಡಗಾಗುತ್ತದೆ. ರಬ್ಬರನ್ನು ಒತ್ತಲು ಹಾಕಿದ ಶಕ್ತಿ ಪೂರ್ತಿ ವಾಪಸ್ ಬರುವುದಿಲ್ಲ, ಸ್ವಲ್ಪ ಬಿಸಿಯಾಗಿ ಹೋಗುತ್ತದೆ. ಇದೇ ರೋಲಿಂಗ್ ರೆಸಿಸ್ಟೆನ್ಸ್. ಇದು ಶೇ 10ರಷ್ಟು ಕಡಿಮೆಯಾದರೆ ಇಂಧನ ಶೇ 1ರಿಂದ 2ರಷ್ಟು ಉಳಿಯುತ್ತದೆ.

ಇಷ್ಟೇನಾ ಅನ್ನಿಸುತ್ತೆ ಅಲ್ವಾ? ಲೆಕ್ಕ ಹಾಕೋಣ. ವರ್ಷಕ್ಕೆ 10,000 ಕಿ.ಮೀ. ಓಡಾಟ, ಲೀಟರಿಗೆ 15 ಕಿ.ಮೀ., ಪೆಟ್ರೋಲ್ 100 ರೂಪಾಯಿ ಅಂದುಕೊಳ್ಳಿ. ವರ್ಷಕ್ಕೆ ಸುಮಾರು 66,700 ರೂಪಾಯಿ ಖರ್ಚು. ಅದರಲ್ಲಿ ಶೇ 1.5 ಅಂದರೆ 1,000 ರೂಪಾಯಿ, ಅಂದರೆ 10 ಲೀಟರ್. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಹತ್ತು ಲೀಟರಿಗೆ 23 ಕೆ.ಜಿ. ಆಯಿತು. ಫ್ರಿಜ್ಜಿಗೆ ಇರುವ ಹಾಗೆ ಟೈರಿಗೂ ಬಿಇಇ (ಕೇಂದ್ರ ಸರ್ಕಾರದ ಇಂಧನ ದಕ್ಷತೆ ಸಂಸ್ಥೆ) ಸ್ಟಾರ್ ಲೇಬಲ್ ಬಂದಿದೆ. ಆ ಸ್ಟಾರ್ ಮುಖ್ಯವಾಗಿ ಈ ಉಳಿತಾಯದ್ದು.

ಆದರೆ ಸ್ಟಾರ್ ನೋಡಿ ಸುಮ್ನೆ ತಂದುಬಿಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ರಸ್ತೆ ಒಣಗುವುದೇ ಅಪರೂಪ. ಸಂಪಾಜೆ ಘಾಟಿಯ ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಬೇಕಾಗುವುದು ಒದ್ದೆ ರಸ್ತೆಯ ಹಿಡಿತ. ಹಿಂದೆಲ್ಲ ರೋಲಿಂಗ್ ರೆಸಿಸ್ಟೆನ್ಸ್ ಕಡಿಮೆ ಮಾಡಿದರೆ ಈ ಹಿಡಿತವೂ ತಗ್ಗುತ್ತಿತ್ತು. ರಬ್ಬರಿಗೆ ಸಿಲಿಕಾ (ಮರಳಿನಲ್ಲಿರುವ ಪದಾರ್ಥ) ಬೆರೆಸಲು ಶುರುಮಾಡಿದ ಮೇಲೆ ಎರಡನ್ನೂ ಒಟ್ಟಿಗೆ ಪಡೆಯುವುದು ಸುಲಭವಾಯಿತು. ಕೇಂದ್ರ ಸರ್ಕಾರ 2022ರಲ್ಲಿ ಹೊರಡಿಸಿದ ನಿಯಮದಲ್ಲಿ ರೋಲಿಂಗ್ ರೆಸಿಸ್ಟೆನ್ಸ್, ಒದ್ದೆ ಹಿಡಿತ, ಸದ್ದು ಮೂರಕ್ಕೂ ಮಿತಿ ಇದೆ. ಎಐಎಸ್ 142 ಅನ್ನುವ ವಾಹನ ಉದ್ಯಮದ ಮಾನದಂಡ ಅದು, ನೆನಪಿಟ್ಟುಕೊಳ್ಳಿ. ನನ್ನ ಮಟ್ಟಿಗೆ ಕೊಡಗಿನಲ್ಲಿ ಹಿಡಿತ ಮೊದಲು, ಸ್ಟಾರ್ ಆಮೇಲೆ. ಒಂದು ಸಲ ಬಂಪರ್ ಹೋದರೆ ಐದು ವರ್ಷದ ಪೆಟ್ರೋಲ್ ಉಳಿತಾಯ ಗ್ಯಾರೇಜಿಗೆ ಹೋಯಿತು.

ಟೈರಿನ ಗೀರುಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಬ್ಬ ಕಾಣುತ್ತದೆ. ಸುತ್ತಲಿನ ರಬ್ಬರ್ ಸವೆದು ಅದರ ಮಟ್ಟಕ್ಕೆ ಬಂದರೆ ಉಳಿದ ಆಳ 1.6 ಮಿ.ಮೀ. ಕಾನೂನಿನ ಗೆರೆ ಅದು. ಆದರೆ ಅಷ್ಟು ಸವೆದ ಟೈರ್ ಮಳೆನೀರನ್ನು ಪಕ್ಕಕ್ಕೆ ತಳ್ಳಲಾರದೆ ನೀರಿನ ಮೇಲೆ ಜಾರುತ್ತದೆ. ಮೇ ತಿಂಗಳಲ್ಲೇ ಅಳೆದು, 3 ಮಿ.ಮೀ. ಹತ್ತಿರ ಇದ್ದರೆ ಬದಲಿಸುವುದು ಜಾಣತನ.

ಈಗ ಗಾಳಿ. ಇದಕ್ಕೆ ಹೆಚ್ಚು ಕಾಸು ಬೇಡ, ಆದರೂ ಎಲ್ಲರೂ ಮರೆಯುವುದು ಇದನ್ನೇ. ಗಾಳಿಯ ಒತ್ತಡವನ್ನು ಪಿಎಸ್‌ಐ ಅನ್ನುವ ಅಳತೆಯಲ್ಲಿ ಹೇಳುತ್ತಾರೆ. ನಾಲ್ಕೂ ಟೈರಿನಲ್ಲಿ 1 ಪಿಎಸ್‌ಐ ಕಡಿಮೆಯಾದರೆ ಮೈಲೇಜ್ ಸರಾಸರಿ ಶೇ 0.2ರಷ್ಟು ಇಳಿಯುತ್ತದೆ. 33 ಇರಬೇಕಾದ ಕಡೆ 26 ಇದ್ದರೆ ಶೇ 1.4 ಹೋಯಿತು. ಮೇಲೆ ಲೆಕ್ಕ ಹಾಕಿದ ಸಾವಿರ ರೂಪಾಯಿ ಹೆಚ್ಚುಕಡಿಮೆ ಅಷ್ಟೇ! ದುಬಾರಿ ಟೈರ್ ಹಾಕಿಸಿ ಗಾಳಿ ನೋಡದಿದ್ದರೆ ತೂತು ಮಡಕೆಗೆ ನೀರು ಹೊಯ್ದ ಹಾಗೆ.

ಗಾಳಿಯನ್ನು ಬೆಳಿಗ್ಗೆ, ಗಾಡಿ ತಣ್ಣಗಿರುವಾಗ ನೋಡಬೇಕು. ದೂರದಿಂದ ಓಡಿಸಿಕೊಂಡು ಬಂದು ಮೀಟರ್ ಇಟ್ಟರೆ ಜಾಸ್ತಿ ತೋರಿಸುತ್ತದೆ. ಪಂಕ್ಚರ್ ಅಂಗಡಿಯ ಹುಡುಗ ಅದನ್ನು ನಂಬಿ ಗಾಳಿ ಬಿಟ್ಟುಬಿಡುತ್ತಾನೆ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿ ಹೊಡೆಸಿ ಮಂಗಳೂರಿಗೆ ಇಳಿದರೆ ಅಲ್ಲಿ ಹೊರಗಿನ ಒತ್ತಡ ಜಾಸ್ತಿ, ಹಾಗಾಗಿ ಮೀಟರ್ ಸುಮಾರು 2 ಪಿಎಸ್‌ಐ ಕಡಿಮೆ ತೋರಿಸಬೇಕು. ಆದರೆ ಅಲ್ಲಿ ಸೆಕೆ. ಹತ್ತು ಡಿಗ್ರಿ ಜಾಸ್ತಿಯಾದರೆ ಒಂದೂವರೆ ಪಿಎಸ್‌ಐ ಏರುತ್ತದೆ. ಎರಡೂ ಸೇರಿ ಹೆಚ್ಚುಕಡಿಮೆ ತಾಳೆಯಾಗುತ್ತದೆ. ಪರೀಕ್ಷೆಗೆ ಇದು ಬರಲಿಕ್ಕಿಲ್ಲ, ನನಗೆ ಮಾತ್ರ ಬಹಳ ಹಿಡಿಸಿತು.

ಬೆಲೆಯನ್ನು ಕಿಲೋಮೀಟರಿಗೆ ಭಾಗಿಸಿ ನೋಡಿ. ಉದಾಹರಣೆಗೆ 4,500 ರೂಪಾಯಿಯ ಟೈರ್ 35,000 ಕಿ.ಮೀ. ಬಂದರೆ ನಾಲ್ಕಕ್ಕೂ ಸೇರಿ ಕಿ.ಮೀ.ಗೆ 51 ಪೈಸೆ. 5,500ರ ಟೈರ್ 50,000 ಕಿ.ಮೀ. ಬಂದರೆ 44 ಪೈಸೆ. ಅಂದಕ್ಕೆಂದು ಅಗಲದ ಟೈರ್ ಹಾಕಿಸಿದರೆ ಸಾಮಾನ್ಯವಾಗಿ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಕಂಪನಿ ಹೇಳಿದ ಅಳತೆಯೇ ಸಾಕು.

ಒಂದು ಎಡವಟ್ಟು ಹೇಳಲೇಬೇಕು. ರಿಯಾಯಿತಿ ಇದೆ ಅಂತ ನಾವು ಎರಡು ಟೈರ್ ತಂದೆವು. ಮನೆಗೆ ಬಂದು ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿ ಓದಿದರೆ 1119! 2019ರ 11ನೇ ವಾರದ ಮಾಲು, ಕೊಂಡದ್ದು 2023ರಲ್ಲಿ. ರಬ್ಬರ್ ಇಟ್ಟಲ್ಲೇ ಗಟ್ಟಿಯಾಗುತ್ತದೆ. ಈಗ ನಾನು ದುಡ್ಡು ಕೊಡುವ ಮುಂಚೆ ಬಗ್ಗಿ ಆ ಅಂಕಿ ನೋಡುತ್ತೇನೆ.

ಹಳೆ ಟೈರನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಟೈರ್ ತಯಾರಕರು ಮರುಬಳಕೆಯ ಹೊಣೆ ಹೊರಬೇಕೆಂಬ ನಿಯಮವೂ 2022ರಲ್ಲೇ ಬಂದಿದೆ. ಮಾವನ ಮನೆಯ ಹಿಂದೆ, ಮೆಣಸಿನ ಬಳ್ಳಿಯ ಬುಡದಲ್ಲಿ ಎರಡು ಹಳೆ ಟೈರ್ ಬಿದ್ದಿದ್ದವು. ಆಗಸ್ಟಿನಲ್ಲಿ ಒಂದನ್ನು ಎತ್ತಿದರೆ ಒಳಗೆ ಒಂದು ಚೊಂಬು ನೀರು, ಅದರ ತುಂಬ ಸೊಳ್ಳೆ ಮರಿ.